ನೀನು ಬೇಡವೆಂದ ಗಾಜಿನ ಮಾಳಿಗೆ

ಅಕ್ಕಾ,

ಸಂಜೆ ಆರೂವರೆ. ಇವತ್ತು ಅಂಗಡಿ ತೆರೆಯಲಿಲ್ಲ. ಬೆಳಿಗ್ಗೆ ಗೌಂಡಿ ರಾಜಾಸಾಬ್ ಬಂದು ಹಿತ್ತಲ ಕೋಣೆಯ ಒಡೆದ ಗಾಜು ನೋಡಿ ಹೋದ. ಅವನು ಹೋದ ಮೇಲೆ ನಾನು ಪಕ್ಕದ ಹಾಲಮ್ಮಕ್ಕನ ಮನೆಗೆ ಹೋದೆ. ನಾಲ್ಕು ವರ್ಷದಿಂದ ಆ ಹೊಸ್ತಿಲು ತುಳಿದಿರಲಿಲ್ಲ. ಅಲ್ಲಿ ಏನು ಹೇಳಿ ಬಂದೆ ಎಂಬುದನ್ನು ನಿನಗೆ ಬರೆಯಬೇಕೆಂದು ಕೂತು ಒಂದು ತಾಸಾಯಿತು. ‘ಅಕ್ಕಾ’ ಎಂದಷ್ಟೇ ಬರೆದಿದ್ದೇನೆ.

ಹಿತ್ತಲಲ್ಲಿದ್ದ ಹಳೆಯ ಕೊಟ್ಟಿಗೆ ನೆನಪಾಗುತ್ತದೆ. ಅದರ ಮಣ್ಣಿನ ಮಾಳಿಗೆಯ ಸಪಾಟು ಚಾವಣಿಯೇ ನಮ್ಮ ಮನೆಗೂ ಹಾಲಮ್ಮಕ್ಕನ ಮನೆಗೂ ನಡುವಿನ ದಾರಿಯಾಗಿತ್ತು. ಅವಳ ಮನೆಗೆ ಮೆಟ್ಟಿಲಿಲ್ಲ. ಒಣಹಾಕುವ ಮೆಣಸಿನಕಾಯಿಯ ಬುಟ್ಟಿ ಹೊತ್ತು ನಮ್ಮ ಕಲ್ಲುಮೆಟ್ಟಿಲು ಹತ್ತಿ, ಕೊಟ್ಟಿಗೆಯ ಮೇಲೆ ಹಾದು, ತನ್ನ ಮಾಳಿಗೆಗೆ ಹೋಗುತ್ತಿದ್ದಳು. ಬರುವಾಗ ನಮ್ಮ ಅಡುಗೆಮನೆಯ ಗವಾಕ್ಷಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಮಾಳಿಗೆಯ ಆ ಬೆಳಕಿನ ಕಿಂಡಿಯೊಳಗೆ ಮುಖ ತೂರಿಸಿ ಕೂಗುತ್ತಿದ್ದಳು: “ಬಸವ್ವಾ, ಅದೀಯೋ, ಹೋದ್ಯೋ?” ಒಲೆಯ ಮುಂದಿನಿಂದ ನೀನು, “ನಿನ್ನ ಕಳಿಸೇ ಹೋಗಾಕಿ ನಾನು, ಇಳದು ಬಾರಲೇ, ಚಾ ಆರ್ತೈತಿ” ಎನ್ನುತ್ತಿದ್ದೆ. ಮಳೆ ಬಂದರೆ ನಿಮ್ಮಿಬ್ಬರಲ್ಲಿ ಯಾರು ಮೊದಲು ಕಂಡರೋ ಅವರು ಓಡಿ ಎರಡೂ ಮನೆಯ ಗವಾಕ್ಷಿಗೆ ತಗಡು ಮುಚ್ಚುತ್ತಿದ್ದಿರಿ. ಭಾವ ತೀರಿಕೊಂಡು ನೀನು ಕೊಟ್ಟೂರಿಗೆ ವಾಪಸು ಬಂದಾಗಿನಿಂದ ನಿನಗೆ ಗೆಳತಿ ಅಂತ ಇದ್ದದ್ದು ಅವಳೊಬ್ಬಳೇ. ನಿನ್ನ ಬಾಯಲ್ಲಿ ಅವಳು ‘ಹಾಲಿ’.

ಕೊಟ್ಟಿಗೆ ಕುಸಿದ ವರ್ಷ ಅಲ್ಲಿ ನಿನಗೊಂದು ಕೋಣೆ ಕಟ್ಟಿಸೋಣ ಎಂದೆ. ಪಡಸಾಲೆಯ ಕತ್ತಲಲ್ಲಿ ಕೌದಿ ಹೊಲಿಯುತ್ತ ನಿನ್ನ ಬೆರಳೆಲ್ಲ ಸೂಜಿ ಚುಚ್ಚಿ ತೂತಾಗಿದ್ದವು. ರಾಜಾಸಾಬ್ ಎರಡು ದಾರಿ ಹೇಳಿದ. “ಸ್ಲ್ಯಾಬ್ ಹಾಕಿ ಎರಡು ಕಿಂಡಿ ಬಿಡೋಣ, ಕಿಂಡಿಗೆ ಗಾಜಿನ ಮುಚ್ಚಳ. ಬ್ಯಾಡಂದ್ರ ಕಬ್ಬಿಣದ ಆಂಗಲ್ ಕೂಡ್ರಿಸಿ ಪೂರಾ ಗಾಜೇ ಹೊದಸೋಣ. ಯಾವ್ದು ಹೇಳ್ರಿ.” ನಾನು ನಿನ್ನ ಕಡೆ ತಿರುಗಿ ಕೇಳಿದೆ. ನೀನು ನಕ್ಕೆ. “ಎರಡು ಗವಾಕ್ಷಿ ಸಾಕಲೋ ತಮ್ಮಾ. ಸೂಜಿಗೆ ದಾರ ಹಾಕಾಕ ಎಷ್ಟು ಬೆಳಕು ಬೇಕು? ಸ್ಲ್ಯಾಬ್ ಇದ್ರ ಹಾಲಿ ಅಡ್ಡಾಡಾಕೂ ಆಕ್ಕೈತಿ.”

ನೀನು ಅಷ್ಟು ಸ್ಪಷ್ಟವಾಗಿ ಹೇಳಿದ್ದೆ. ಆದರೆ ನಾನು ಕೇಳಿದ್ದೇ ಸುಳ್ಳು, ಅಕ್ಕಾ. ಅದಕ್ಕೂ ಒಂದು ವಾರ ಮೊದಲೇ ದಾವಣಗೆರೆಯಲ್ಲಿ ಗಾಜಿಗೆ ಹೇಳಿ ಬಂದಿದ್ದೆ. ಅಂಗಡಿಗೆ ಸರಕು ತರಲು ಹೋದಾಗ ಅಲ್ಲಿನ ದೊಡ್ಡ ವ್ಯಾಪಾರಿಯೊಬ್ಬರ ಮನೆಯಲ್ಲಿ ಗಾಜಿನ ಮಾಳಿಗೆ ನೋಡಿದ್ದೆ. ನೆಲದ ತುಂಬ ಬೆಳಕು ಬಿದ್ದಿತ್ತು. ದೇವರ ಫೋಟೋಗಳಿಗೆ ಕಟ್ಟು ಹಾಕುತ್ತ, ಗೇಣುದ್ದದ ಗಾಜು ಕೊಯ್ಯುತ್ತ ಕಾಲ ಕಳೆದವನಿಗೆ ಅದು ತಲೆಗೇರಿತು. ಓಣಿಯಲ್ಲಿ ಯಾರ ಮನೆಯಲ್ಲೂ ಇಲ್ಲದ್ದು ನನ್ನ ಮನೆಯಲ್ಲಿರಬೇಕು, ಬಂದವರು ತಲೆ ಎತ್ತಿ ನೋಡಬೇಕು. ನಿನ್ನ ಕಣ್ಣಿಗಾಗಿ ಕಟ್ಟಿಸಿದೆನೇ ಆ ಕೋಣೆಯನ್ನು?

ಆಂಗಲ್ ಕೂರಿಸಿ ಗಾಜು ಹೊದಿಸುವ ದಿನ ಹಾಲಮ್ಮಕ್ಕ ಬುಟ್ಟಿ ಹೊತ್ತು ನಮ್ಮ ಮೆಟ್ಟಿಲ ಬುಡದಲ್ಲಿ ನಿಂತಿದ್ದಳು. ನೀನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. “ಪೂರಾ ಗಾಜು ಹಾಕಿಸಿದ್ರ ನಾನು ಎಲ್ಲಿಂದ ಹಾಯಲೋ ಕೊಟ್ರೇಶಿ? ಹಾರಲೇನು?” ಎಂದಳು. ರಾಜಾಸಾಬನ ಆಳುಗಳು ನಕ್ಕರು. ನನಗೆ ಮುಖ ಉಳಿಸಿಕೊಳ್ಳಬೇಕಿತ್ತು. ನನ್ನ ಆಸೆ ಎಂದು ಹೇಳಲು ನಾಚಿಕೆಯಾಗಿ, “ಅಕ್ಕನೇ ಗಾಜು ಬೇಕಂದ್ಲು. ತಲಿ ಮ್ಯಾಲ ಮಂದಿ ಅಡ್ಡಾಡೋದು ಆಕಿಗೆ ಸೇರಂಗಿಲ್ಲಂತ” ಎಂದುಬಿಟ್ಟೆ. ಅವಳು ಬುಟ್ಟಿ ಇಳಿಸಲಿಲ್ಲ, ಮತ್ತೊಂದು ಮಾತು ಕೇಳಲಿಲ್ಲ. “ಹಂಗಂದ್ಲಾ” ಎಂದು ತಿರುಗಿ ಹೋದಳು. ಆ ದಿನದ ಡೈರಿ ಈಗ ತೆಗೆದು ನೋಡಿದೆ. ‘ಗಾಜು ಕೂರಿಸಿದರು. ಎಲ್ಲರಿಗೂ ಹಿಡಿಸಿತು’ ಎಂದಿದೆ. ಯಾರೂ ಓದದ ಡೈರಿಯಲ್ಲೂ ನಾನು ನಿಜ ಬರೆದಿರಲಿಲ್ಲ.

ಶಿವರಾತ್ರಿ ಕಳೆದ ಮೇಲೆ ಆ ಕೋಣೆ ಹೇಗೆ ಕಾಯುತ್ತಿತ್ತು ಎಂಬುದು ನಿನಗೇ ಗೊತ್ತು. ಹತ್ತು ಗಂಟೆಗೆ ನೆಲ ಕಾಲು ಸುಡುತ್ತಿತ್ತು. ನಾನು ಗಾಜಿನ ಮೇಲೆ ಗೋಣಿಚೀಲ ಹೊದಿಸಿದೆ, ಮತ್ತೆ ಕತ್ತಲಾಯಿತು. ನೀನು ಕೌದಿ ಎತ್ತಿಕೊಂಡು ಪಡಸಾಲೆಗೆ ಹೋದೆ. ಅಲ್ಲಿ ಕೂತು ಕೇಳಿದ್ದು ಬೇರೆಯದೇ. “ಹಾಲಿ ಯಾಕೋ ಮಾತಾಡವಲ್ಲಳು. ನಾನೇನರ ಅಂದೆನೇನೋ ತಮ್ಮಾ?” ಎಷ್ಟು ಸಲ ಕೇಳಿದೆ! ಪ್ರತಿ ಸಲವೂ ನಾನು, “ಆಕಿಗೆ ಹೊಟ್ಟಿಕಿಚ್ಚು, ಬಿಡು” ಎಂದೆ. ನೀನು ಬಿಡಲಿಲ್ಲ. ಯುಗಾದಿಗೆ ತಾಟಿನಲ್ಲಿ ಹೋಳಿಗೆ ಇಟ್ಟುಕೊಂಡು ಹೋದೆ. ಖಾಲಿ ತಾಟು ಹಿಡಿದು ಬಂದು, “ಇಸ್ಕೊಂಡ್ಲು” ಎಂದಷ್ಟೇ ಹೇಳಿ ಗೋಡೆಯ ಕಡೆ ಮುಖ ಮಾಡಿ ಮಲಗಿದೆ. ಏನಾಯಿತೆಂದು ನಾನು ಕೇಳಲಿಲ್ಲ. ಕೇಳಿದ್ದರೆ ನಾನೂ ನಿಜ ಹೇಳಬೇಕಾಗುತ್ತಿತ್ತಲ್ಲ.

ನೀನು ತೀರಿಕೊಂಡು ನಿನ್ನನ್ನು ಎತ್ತಿದ ದಿನ ಓಣಿಗೆ ಓಣಿಯೇ ಬಂದಿತ್ತು. ಹಾಲಮ್ಮಕ್ಕ ತನ್ನ ಬಾಗಿಲಲ್ಲಿ ನಿಂತಿದ್ದಳು, ಕೆಳಗಿಳಿಯಲಿಲ್ಲ. ನಿನ್ನ ಮಣ್ಣಿಗೆ ಅವಳು ಬರಲಿಲ್ಲ. “ಎಂಥಾ ಹೆಂಗಸು!” ಎಂದರು ಜನ. ನಾನೂ ತಲೆಯಾಡಿಸಿದೆ, ಅಕ್ಕಾ. ಅಲ್ಲಿಯೂ ನಿಜ ಹೇಳಲಿಲ್ಲ.

ಇವತ್ತು ಬೆಳಿಗ್ಗೆ ರಾಜಾಸಾಬ್ ಬಂದದ್ದು ಕೋತಿಗಳ ದೆಸೆಯಿಂದ. ಮೊನ್ನೆ ಅವು ಜಿಗಿದಾಡಿ ಎರಡು ಗಾಜು ಒಡೆದವು. “ಈಗರ ಕೇಳ್ರಿ ಅಣ್ಣಾರ, ಇದನ್ನ ಕಿತ್ತು ಸ್ಲ್ಯಾಬ್ ಹಾಕಿ ಎರಡು ಕಿಂಡಿ ಬಿಡೋಣ” ಎಂದ. ಗೋಡೆಯಾಚೆಯಿಂದ ಹಾಲಮ್ಮಕ್ಕನ ದನಿ ಬಂತು. “ಬ್ಯಾಡೋ ಸಾಬಾ. ಸತ್ತಾಕಿ ಆಸಿ ಯಾಕ ಮುರೀತಿ? ಗಾಜೇ ಇರಲಿ. ಮಂದಿ ಕಾಲು ಸೋಕೀತು!” ನಾಲ್ಕು ವರ್ಷವಾದರೂ ನಾನು ಆಡಿದ ಮಾತು ಅವಳ ಬಾಯಲ್ಲಿ ಹಾಗೇ ಇತ್ತು. ನೀನು ಸತ್ತ ಮೇಲೂ ಅದು ನಿನ್ನ ಮಾತಾಗಿಯೇ ಇತ್ತು. ರಾಜಾಸಾಬನನ್ನು ಕಳಿಸಿ ಅವಳ ಮನೆಗೆ ಹೋದೆ.

ಹೋದಾಗ ಅವಳು ಜೋಳ ಕೇರುತ್ತಿದ್ದಳು. ನಿಂತೇ ಎಲ್ಲ ಹೇಳಿದೆ. ಮೊರ ಕೈಯಲ್ಲೇ ನಿಂತಿತು.

“ಆಕಿ ಹಂಗ ಅಂದೇ ಇಲ್ಲ?”

“ಇಲ್ಲ. ನೀ ಅಡ್ಡಾಡಾಕ ಬೇಕಂತ ಸ್ಲ್ಯಾಬ್ ಹಾಕ್ಸಂದಿದ್ಲು.”

“ನಾ ಯಾಕ ಮಾತು ಬಿಟ್ಟೆ ಅಂತ ಆಕಿಗೆ ಗೊತ್ತಿತ್ತೇನು?”

“ಗೊತ್ತಿರಲಿಲ್ಲ.”

ಅವಳು ಮೊರ ಕೆಳಗಿಟ್ಟಳು. ಆಮೇಲೆ ಮೆಲ್ಲಗೆ ಹೇಳಿದಳು: “ಹೋಳಿಗಿ ತಂದಿದ್ಲು. ಆಕಿ ಕಣ್ಣ ಮುಂದ ಎಮ್ಮಿ ಮುಸುರಿ ಬಾನ್ಯಾಗ ಸುರುವಿದೆ. ಆಗಲೂ ಆಕಿ ನನ್ನ ಬೈಯಲಿಲ್ಲ.”

ಕಾಲು ಹಿಡಿಯಲು ಬಗ್ಗಿದೆ. “ದೂರ ನಿಂದ್ರು” ಎಂದಳು. ಗಾಜು ಕಿತ್ತು ಸ್ಲ್ಯಾಬ್ ಹಾಕಿಸುತ್ತೇನೆ, ಮೊದಲಿನಂತೆ ಅಡ್ಡಾಡು ಎಂದೆ. “ಯಾರ ಹತ್ರ ಹೋಗಾಕ?” ಎಂದಳು. ಬಾಗಿಲವರೆಗೆ ಬಂದಾಗ ಹಿಂದಿನಿಂದ ಕೇಳಿದಳು: “ನನ್ನ ಮುಂದ ಹೇಳಿದಿ. ಆಕಿ ಮುಂದ ಹೇಳಿದ್ಯಾ?”

ಅದಕ್ಕೇ ಬರೆಯಲು ಕೂತೆ, ಅಕ್ಕಾ. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ನೀನು ಏನೂ ಅಂದಿರಲಿಲ್ಲ, ನಿನ್ನದು ಏನೂ ತಪ್ಪಿರಲಿಲ್ಲ. ಅವಳು ಮಾತು ಬಿಟ್ಟದ್ದು ನನ್ನಿಂದ. ನೀನು ಬದುಕಿದ್ದಾಗ ಇಷ್ಟು ಹೇಳಲು ಒಂದು ನಿಮಿಷ ಸಾಕಾಗಿತ್ತು.

ಈಗ ಒಂದು ಗಳಿಗೆಯ ಹಿಂದೆ ಹಾಲಮ್ಮಕ್ಕ ಗೋಡೆಯಾಚೆಯಿಂದಲೇ ಕೂಗಿ ಹೇಳಿದಳು. ಅವಳಿಗೆ ಮೊಣಕಾಲು ನೋವು, ನಮ್ಮ ಹೊಲದವರೆಗೆ ನಡೆಯಲಾಗುವುದಿಲ್ಲ. ನಿನ್ನನ್ನು ಮಣ್ಣು ಮಾಡಿದ ಜಾಗಕ್ಕೆ ಹೋಗಲು ಆಟೋ ಬೇಕಂತೆ. ನಾನು ರಸ್ತೆಯಲ್ಲೇ ನಿಲ್ಲಬೇಕಂತೆ, ಹೊಲದೊಳಗೆ ಅವಳೊಬ್ಬಳೇ ಬರುತ್ತಾಳಂತೆ. ಆಟೋದವನಿಗೆ ಹೇಳಿ ಬಂದಿದ್ದೇನೆ. ನಾಳೆ ಬೆಳಿಗ್ಗೆ ಏಳು ಗಂಟೆಗೆ ಬರುತ್ತಾನೆ.