ಮೊದಲ ದೋಸೆಯ ಅಧ್ಯಾಯ

ಬೊರಿವಲಿ
7 ಫೆಬ್ರವರಿ 2025

ಮಹಾಮಹಿಮಳೂ ನನ್ನ ಬಾಲ್ಯದ ಏಕೈಕ ಶತ್ರುವೂ ಆದ ನಿಶ್ಮಿತಕ್ಕನಿಗೆ, ಸಂಶೋಧನಾರ್ಥಿ ತಮ್ಮ ಹಿತೇಶನ ಸಾಷ್ಟಾಂಗ ನಮಸ್ಕಾರ. ಕೋಣೆ ಚಿಕ್ಕದು, ಕಾಲು ಮಂಚದಡಿ ಹೋಗಿದೆ. ಅಷ್ಟು ಲೋಪವನ್ನು ಕ್ಷಮಿಸು.

ಅಪ್ಪನ ಹದಿಮೂರನೇ ದಿನ ಕಳೆದ ಮೇಲೆ ಮೂರೂವರೆ ತಿಂಗಳಿಂದ ನಿನ್ನ ಫೋನು ಎತ್ತಿಲ್ಲ ಎಂಬ ಆರೋಪ ಸತ್ಯ. ಈಗಲೂ ಕಾಗದವೇ ಏಕೆಂದರೆ, ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀ.

ಸೋಮವಾರ ಥೀಸಿಸ್ ಸಲ್ಲಿಸಬೇಕು. ವಿಷಯ ಗೊತ್ತಲ್ಲ, ಮುಂಬೈಯ ಉಡುಪಿ ಹೋಟೆಲುಗಳ ಅಡುಗೆಮನೆಯಲ್ಲಿ ದೇವರು ಮತ್ತು ಆಚರಣೆ. ಅದರ ಕಿರೀಟ ಮೂರನೆಯ ಅಧ್ಯಾಯ. ಗ್ರಾಂಟ್ ರೋಡಿನ ಹೋಟೆಲಿನಲ್ಲಿ ಅಪ್ಪ ಬೆಳಿಗ್ಗೆ ಹುಯ್ಯುತ್ತಿದ್ದ ಮೊದಲ ದೋಸೆ ಗಿರಾಕಿಗೆ ಹೋಗದೆ ಕಿಟಕಿಯ ಕಟ್ಟೆಯ ಮೇಲೆ ಕಾಗೆಗೆ ಹೋಗುತ್ತಿತ್ತಲ್ಲ, ಅದರ ಮೇಲೆ ಅರವತ್ತು ಪುಟ ಬರೆದಿದ್ದೇನೆ. ಅಗ್ನಿಗೆ ಆಹುತಿ, ಪಿತೃಗಳಿಗೆ ಪಿಂಡ, ಕಾಗೆಯ ಮಧ್ಯಸ್ಥಿಕೆ, ಪ್ರತಿ ಪುಟದ ಬುಡದಲ್ಲಿ ಸಂಸ್ಕೃತ. ನನ್ನ ಗೈಡ್ ಮೇಡಂ ಕೈಮುಗಿಯುವುದೊಂದು ಬಾಕಿ.

ಬರೆದ ಮೇಲೆ ಸಾಕ್ಷ್ಯ ಬೇಕಾಯಿತು. ಅಕ್ಟೋಬರಿನ ಆ ಭಾನುವಾರ ಇಸ್ತ್ರಿ ಅಂಗಿ ಹಾಕಿ ಹೋಟೆಲಿನ ಮಹಡಿಗೆ ಹೋದೆ. ಅಪ್ಪನ ಮುಂದೆ ರೆಕಾರ್ಡರು ಇಟ್ಟು ಕೈಕಟ್ಟಿ ಕೇಳಿದೆ, "ಮಾಹಿತಿದಾರ ಸಂಖ್ಯೆ ಏಳು, ತಮ್ಮ ಹೆಸರು?"

"ನಿನ್ನ ರೇಶನ್ ಕಾರ್ಡಿನಲ್ಲಿ ನೋಡು."

"ಮಾಹಿತಿದಾರರು ತಮಾಷೆ ಮಾಡುವಂತಿಲ್ಲ."

"ಹಾಗಾದ್ರೆ ಸದಾನಂದ. ಮೂವತ್ತೊಂದು ವರ್ಷದಿಂದ ದೋಸೆ ಹುಯ್ಯುವುದು."

"ಮೊದಲ ದೋಸೆ ಯಾರಿಗೆ ಅರ್ಪಣೆ?"

"ಎಂತ ಅರ್ಪಣೆ ಮಾರಾಯ. ಕಾವಲಿ ಹದಕ್ಕೆ ಬರುವ ಮೊದಲು ಹುಯ್ದದ್ದು ಅಂಟ್ತದೆ. ಹರಿದ ದೋಸೆ ಕೊಟ್ರೆ ಗಿರಾಕಿ ಬೈತಾರೆ. ಕಾಗೆ ಬೈಯುದಿಲ್ಲ."

ಅರವತ್ತು ಪುಟ, ಅಕ್ಕ. ಮೇಡಮ್ಮಿಗೆ ಹೇಳಿದರೆ, "ಆಚರಣೆ ಮಾಡುವವರಿಗೆ ಅದರ ಅರ್ಥ ಗೊತ್ತಿರುವುದಿಲ್ಲ" ಎಂದು ಅಪ್ಪನನ್ನೇ ಫೇಲು ಮಾಡಿದರು.

ಆದರೆ ಆ ಮಿಷಿನ್ನಿನ ಎದುರು ಅಪ್ಪ ಬೆನ್ನು ನೆಟ್ಟಗೆ ಮಾಡಿ ಕೂತು ಒಂದು ಗಂಟೆ ಇಪ್ಪತ್ತೇಳು ನಿಮಿಷ ಮಾತಾಡಿದ. ಅಮ್ಮನನ್ನು ಹೆಣ್ಣು ನೋಡಲು ಹೋದ ದಿನ ಹಾಕಿದ್ದು ಹೋಟೆಲಿನ ಧಣಿಗಳಿಂದ ಕಡ ತಂದ ಅಂಗಿಯಂತೆ, ನಿನಗೆ ಗೊತ್ತಿತ್ತಾ? ಇಪ್ಪತ್ತಾರು ವರ್ಷದಲ್ಲಿ ಅಷ್ಟು ಹೊತ್ತು ನಾನು ಅವನನ್ನು ಏನೂ ಕೇಳಿರಲಿಲ್ಲ. ಕೇಳಲು ಒಂದು ವಿಶ್ವವಿದ್ಯಾಲಯ ಬೇಕಾಯಿತು. ಅದಾಗಿ ನಾಲ್ಕನೇ ದಿನ ಕಾವಲಿಯ ಮುಂದೆಯೇ ಕುಸಿದನಲ್ಲ.

ಈಗ ಆ ಧ್ವನಿ ಹಚ್ಚಿಕೊಂಡು ಊಟ ಮಾಡುತ್ತೇನೆ. ನಡುನಡುವೆ ಅವನು ನಗುತ್ತಾನೆ, ನಾನೂ ನಗುತ್ತೇನೆ. ಪಕ್ಕದ ಕೋಣೆಯವರು ನನಗೆ ಬಹಳ ಜನ ಗೆಳೆಯರಿದ್ದಾರೆ ಅಂದುಕೊಂಡಿದ್ದಾರೆ.

ಹೋದ ವಾರ ಹೋಟೆಲಿಗೆ ಹೋಗಿದ್ದೆ. ಅಪ್ಪನ ಜಾಗದಲ್ಲಿ ಐತಣ್ಣ ನಿಂತಿದ್ದಾನೆ. ಕಾವಲಿ ಹೊಸದು, ಮೊದಲ ದೋಸೆಯೇ ಕಾಗದದ ಹಾಗೆ ಎದ್ದು ಬಂತು. ಅದನ್ನು ತಟ್ಟೆಗೆ ಹಾಕದೆ ಕಿಟಕಿಯ ಕಟ್ಟೆಯಲ್ಲಿಟ್ಟ.

"ಅಂಟಲಿಲ್ಲವಲ್ಲ ಐತಣ್ಣ, ಮತ್ತೆ ಯಾಕೆ ಇಟ್ಟದ್ದು?"

"ಸದಾನಂದಣ್ಣ ಇಡ್ತಿದ್ರು, ಇಟ್ಟೆ. ನೀನು ಇದಕ್ಕೂ ಫಾರ್ಮು ತುಂಬಿಸ್ತೀಯಾ?"

ನೋಡು, ನನ್ನ ಅರವತ್ತು ಪುಟ ಸುಳ್ಳಾಗಿ ಹುಟ್ಟಿ ಈಗ ನಿಜವಾಗಿ ಕೂತಿದೆ. ಇಂಥ ಜಯ ಯಾವ ಪಂಡಿತನಿಗೂ ಬೇಡ.

ಇನ್ನು ಒಂದು ತೊಡಕು. ಸಂದರ್ಶನವನ್ನು ಮೊದಲ ಮಾತಿನಿಂದ ಕೊನೆಯ ಮಾತಿನವರೆಗೆ, ಏನೂ ಬಿಡದೆ, ಅನುಬಂಧದಲ್ಲಿ ಕೊಡಬೇಕೆಂದು ಮೇಡಂ ಅಪ್ಪಣೆ. ಕೊನೆಯ ನಲವತ್ತು ಸೆಕೆಂಡು ಉಳಿದಿತ್ತು. ಇವತ್ತು ಅದನ್ನೂ ಟೈಪ್ ಮಾಡಿದೆ.

ಕಿರಿಯವನಾದರೂ, ಡಾಕ್ಟರನಾಗುವ ಮುನ್ನ ಆಶೀರ್ವಾದ ಮಾಡುವ ಅಭ್ಯಾಸವಿರಲಿ ಎಂದು ಹರಸುತ್ತಿದ್ದೇನೆ: ನಿನ್ನ ಮೊಣಕಾಲು ನೋವು ಹೋಗಲಿ, ನಿನ್ನ ಮಗಳು ಪುಟ್ಟ ನಿಶಾಳಿಗೆ ನನ್ನ ಬುದ್ಧಿ ಬಾರದಿರಲಿ. ಅಮ್ಮನಿಗೆ ನಮಸ್ಕಾರ, ಇದು ತಮಾಷೆಯಲ್ಲ.

ನಿನ್ನ
ಹಿತೇಶ

ಮರೆತ ಮಾತು: ಹದಿಮೂರನೇ ದಿನ ಎಲ್ಲರೆದುರು ನೀನು, "ತಮ್ಮ ಆ ಭಾನುವಾರ ಸಂಜೆವರೆಗೆ ಅಪ್ಪನ ಜೊತೆ ಇದ್ದ, ಅಷ್ಟಾದ್ರೂ ಆಯ್ತಲ್ಲ" ಎಂದೆ. ನಾನು ಹೌದೆಂದು ತಲೆಯಾಡಿಸಿದೆ. ಆ ಕೊನೆಯ ನಲವತ್ತು ಸೆಕೆಂಡನ್ನು ಅಚ್ಚಾದ ಪ್ರತಿಯಲ್ಲಿ ಓದುವ ಮೊದಲು ಇಲ್ಲಿ ಓದು.

ಮಾಹಿತಿದಾರ 7: ಮುಗೀತಾ?
ಸಂಶೋಧಕ: ಮುಗಿಯಿತು. ತಮ್ಮ ಸಹಕಾರಕ್ಕೆ ವಿಶ್ವವಿದ್ಯಾಲಯ ಋಣಿ.
ಮಾಹಿತಿದಾರ 7: ಇನ್ನು ಅದನ್ನು ಬಂದ್ ಮಾಡಿ ಸ್ವಲ್ಪ ಕೂತ್ಕೊ. ಚಾ ತರ್ತೇನೆ.
ಸಂಶೋಧಕ: ಇಲ್ಲಪ್ಪ, ಮೂರೂ ಇಪ್ಪತ್ತರ ಬೊರಿವಲಿ ಲೋಕಲ್ ಉಂಟು.

ಆ ಲೋಕಲ್ ನನಗೆ ಸಿಗಲಿಲ್ಲ, ಅಕ್ಕ. ಮುಂದಿನದು ಬರುವ ತನಕ ಗ್ರಾಂಟ್ ರೋಡ್ ಪ್ಲಾಟ್‌ಫಾರ್ಮಿನಲ್ಲಿ ಇಪ್ಪತ್ತೈದು ನಿಮಿಷ ಸುಮ್ಮನೆ ಕೂತಿದ್ದೆ.