ಸೆರೇರ್ ಅಜ್ಜಿಯ ಬೈಗುಳ

ಲಾತೀರ್,

ನಿನ್ನೆ ನಿಮ್ಮ ಸೆರೇರ್ ಕುಲದ ದಿಬೋರಜ್ಜಿಗೆ ಆಪರೇಷನ್ ಮಾಡಿದೆ. ನಿನ್ನ ಹಾಗೆಯೇ ಹೃದಯದಿಂದ ಹೊರಡುವ ಮಹಾಧಮನಿ ಸೀಳಿತ್ತು. ಹೃದಯ ನಿಲ್ಲಿಸಿ, ತಲೆಯ ಸುತ್ತ ಮಂಜುಗಡ್ಡೆ ಇಟ್ಟು, ಮಿದುಳಿಗಷ್ಟೇ ರಕ್ತ ಹರಿಸುತ್ತ ಹೊಲಿದೆವು.

ಇವತ್ತು ಅಜ್ಜಿಗೆ ಎಚ್ಚರವಾದ ಕೂಡಲೇ, ಒಬ್ಬರನ್ನೊಬ್ಬರು ಆಳೆಂದು ಬೈದಾಡಿ ನಗುವ ನಮ್ಮೆರಡು ಕುಲಗಳ ಹಳೆಯ ಸಲುಗೆಯಂತೆ ಕೆಣಕಿದೆ: "ಏನಜ್ಜಿ, ಸೆರೇರ್‌ಗಳೆಲ್ಲ ನಮ್ಮ ಫುಲಾಗಳ ಮನೆ ಆಳುಗಳಲ್ವಾ?"

"ಥೂ, ದನಗಳ್ಳ! ನಿಮ್ಮಪ್ಪ ನಮ್ಮನೆ ಸಗಣಿ ಬಾಚ್ತಿದ್ದ ಕಣೋ!"

ಮಿದುಳು ಉಳಿಯಿತೆಂದು ನರ್ಸ್‌ಗಳೆಲ್ಲ ನಕ್ಕರು. ನಾನು ಕೈ ತೊಳೆಯುವ ನೆಪದಲ್ಲಿ ಹೊರಗೆ ಬಂದೆ.

ನಿನಗೂ ನಾನೇ ಹೊಲಿದಿದ್ದೆ. ಹೃದಯ ಚೆನ್ನಾಗಿ ಬಡಿಯುತ್ತಿತ್ತು. ನೀನು ಕಣ್ಣು ಬಿಟ್ಟಾಗ, ಶಾಲೆಯ ದಿನಗಳಿಂದ ಕೆಣಕುತ್ತಿದ್ದಂತೆಯೇ ನಾನು ಕೇಳಿದೆ, "ಏನೋ, ನೀನು ನಮ್ಮನೆ ಆಳಲ್ವೇನೋ?"

ನೀನು ನನ್ನ ಮುಖವನ್ನೇ ನೋಡಿ, ತುಂಬ ಮರ್ಯಾದೆಯಿಂದ "ಹೌದು ಸಾರ್" ಎಂದೆ.