ತಿದ್ದಿದ ತುಟಿ

ಗುಳೇದಗುಡ್ಡ,
ಫೆಬ್ರವರಿ ಮೂವತ್ತು, ಎರಡು ಸಾವಿರದ ನೂರ ಹದಿನಾಲ್ಕು

ಕ್ಯಾಮೆರಾ ಹಿಡಿದು ಬದುಕುವ ನನ್ನ ಹಿರಿಯರಿಗೆ ಕಾಳಿಕಾ ಬಡಿಗೇರ ಮಾಡುವ ನಮಸ್ಕಾರಗಳು.

ಮೇಲಿನ ದಿನಾಂಕ ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕಿದ್ದನ್ನು ವರ್ಷದ ಕೊನೆಗೆ ರಜೆಯೆಂದು ಸೇರಿಸಿದ್ದಾರೆ. ನನ್ನ ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ನೀವು ಫೋಟೊ ಎಡಿಟ್ ಮಾಡುವ ಸಾಫ್ಟ್‌ವೇರ್ ಎನ್ನುವುದಕ್ಕೆ ನಾವು ತಿದ್ದುಗ ಎನ್ನುತ್ತೇವೆ. ಅದು ಹೊಸ ರೂಪಕ್ಕೆ ಬದಲಾದಾಗ ತಿದ್ದುಗ ಮಗ್ಗುಲಾಯಿತು ಎನ್ನುತ್ತೇವೆ, ಮಲಗಿದ ದೊಡ್ಡ ಪ್ರಾಣಿ ಹೊರಳಿದ ಹಾಗೆ. ಹೊರಳುವಾಗ ತನ್ನ ಕೆಳಗೆ ಯಾರು ಸಿಕ್ಕಿಕೊಂಡರೆಂದು ಅದು ನೋಡುವುದಿಲ್ಲ. ಚಿಕ್ಕವಳಿದ್ದಾಗ ನಾನು ಸಿಕ್ಕಿಕೊಂಡೆ.

ನಮ್ಮೂರಿನಲ್ಲಿ ಜುಬೇದಾ ಮುಲ್ಲಾ ಎಂಬ ಫೋಟೊಗ್ರಾಫರ್ ಇದ್ದರು. ಆಗಲೇ ಮದುವೆ ಮನೆಗಳಲ್ಲಿ ಹಾರುಗಣ್ಣುಗಳು, ಅಂದರೆ ನೊಣದಂತೆ ಸುತ್ತುವ ಪುಟ್ಟ ಕ್ಯಾಮೆರಾಗಳು, ಬಂದಿದ್ದವು. ಆದರೂ ಜನ ಜುಬೇದಾ ಅಕ್ಕನ ಅಂಗಡಿಗೆ ಹೋಗುತ್ತಿದ್ದರು. ಸೆರಗು ಸರಿಮಾಡಿ, ಗಲ್ಲ ಎತ್ತಿ ಕೂರಿಸಲು ಮನುಷ್ಯರೊಬ್ಬರು ಬೇಕಲ್ಲ. ಅವರ ಬಳಿ ತಂದೆಯ ಕಾಲದ ಭಾರದ ಕ್ಯಾಮೆರಾ ಒಂದಿತ್ತು. ಅದು ಕಂಡದ್ದನ್ನು ಕಂಡ ಹಾಗೆ ಹಿಡಿಯುತ್ತಿತ್ತು. ಅದರ ಲೆನ್ಸಿನ ಅಂಚಿನಲ್ಲಿ ಬೂಷ್ಟು ಕೂತಿದ್ದರೂ ಅದೇ ಅವರ ಕೈಗೆ ಒಗ್ಗಿದ್ದು. ಆದರೆ ತಿದ್ದುಗ ಮಗ್ಗುಲಾದಂತೆಲ್ಲ ಹಳೆಯ ಕ್ಯಾಮೆರಾಗಳ ಚಿತ್ರಗಳನ್ನು ತೆರೆಯುವುದನ್ನೇ ಬಿಟ್ಟಿತು. ಅಕ್ಕ ಮನಸ್ಸಿಲ್ಲದೆ ಹಗುರವಾದ ಹೊಸದೊಂದನ್ನು ಕೊಂಡರು. ಅದರಲ್ಲಿ ಒತ್ತಿದ ಚಿತ್ರ ನೇರವಾಗಿ ತಿದ್ದುಗಕ್ಕೇ ಹೋಗುತ್ತಿತ್ತು. ಅಲ್ಲಿಯೂ ನಿನ್ನೆ ಇದ್ದ ಗುಂಡಿ ಇವತ್ತು ಇದ್ದಲ್ಲಿ ಇರುತ್ತಿರಲಿಲ್ಲ. "ನಮ್ಮ ಅಡಗಿಮನ್ಯಾಗ ಯಾರೋ ಬಂದು ದಿನಾ ಡಬ್ಬಿ ಅದಲು ಬದಲು ಮಾಡಿ ಹೋದಂಗ ಆಗೇತಿ ನೋಡ್ರಿ," ಎಂದು ಅವರು ಬಂದವರ ಮುಂದೆಲ್ಲ ಹೇಳುತ್ತಿದ್ದರಂತೆ.

ನಾನು ನಾಲ್ಕು ವರ್ಷದವಳಿದ್ದಾಗ ಮಲಪ್ರಭೆ ಉಕ್ಕಿ ನಮ್ಮ ಓಣಿಗೆ ನುಗ್ಗಿತು. ನನ್ನ ಅವ್ವ ನೀರಿನಲ್ಲಿ ಹೋದಳು. ಅಪ್ಪ ಮೌನೇಶ, ಬಡಿಗತನ ಮಾಡುವವರು, ನನ್ನನ್ನು ಒಂದು ದೋಣಿಗೆ ಏರಿಸಿ ಅವ್ವನನ್ನು ಹುಡುಕಲು ಮರಳಿದರು. ದೋಣಿಯವರು ನನ್ನನ್ನು ಒಂದು ಶಿಬಿರಕ್ಕೆ ಸೇರಿಸಿದರು, ಅಪ್ಪ ಇನ್ನೊಂದನ್ನು ಸೇರಿದರು. ನಾನು ಸೀಳುತುಟಿಯ ಕೂಸು. ಆಸ್ಪತ್ರೆಯಲ್ಲಿ ಹೊಲಿದಿದ್ದ ಮೇಲ್ದುಟಿಯಲ್ಲಿ ಎದ್ದು ಕಾಣುವ ಗೆರೆಯಿತ್ತು, ಮಾತು ಇನ್ನೂ ತಿರುಗುತ್ತಿರಲಿಲ್ಲ. ನನ್ನ ಹೆಸರನ್ನು ನಾನು ಎಷ್ಟು ಸಲ ಹೇಳಿದರೂ ಶಿಬಿರದವರಿಗೆ ತಿಳಿಯಲಿಲ್ಲ.

ಕಳೆದುಹೋದ ಮಕ್ಕಳ ಚಿತ್ರ ತೆಗೆದು ಎಲ್ಲ ಶಿಬಿರಗಳಲ್ಲಿ ಹಾಕುವ ಕೆಲಸವನ್ನು ಜುಬೇದಾ ಅಕ್ಕ ತಾವಾಗಿಯೇ ಹೊತ್ತುಕೊಂಡರು. ಮೊದಲ ದಿನ ಅಭ್ಯಾಸಬಲದಿಂದ ಹಳೆಯ ಕ್ಯಾಮೆರಾದಲ್ಲೇ ನಮ್ಮನ್ನೆಲ್ಲ ಹಿಡಿದರು. ತಿದ್ದುಗ ಒಂದನ್ನೂ ತೆರೆಯಲಿಲ್ಲ. ಮರುದಿನ ಹೊಸದನ್ನು ತಂದು ಮತ್ತೆ ತೆಗೆದರು. ಅದೇ ವಾರ ತಿದ್ದುಗ ಮಗ್ಗುಲಾಗಿತ್ತು. ಇನ್ನು ಮುಂದೆ ಮುಖಗಳ ಕುಂದನ್ನೆಲ್ಲ ಅದು ಕೇಳದೆಯೇ ಸರಿಪಡಿಸುತ್ತದೆಂಬ ಸೂಚನೆಯನ್ನು ಆ ಗದ್ದಲದಲ್ಲಿ ಓದುವವರು ಯಾರು? ರಾಶಿ ರಾಶಿ ಮುಖಗಳ ನಡುವೆ ನನ್ನ ತುಟಿ ನುಣ್ಣಗಾದದ್ದು ಅಕ್ಕನ ಕಣ್ಣಿಗೆ ಬೀಳಲಿಲ್ಲ. ಹೇನಿಗೆಂದು ಶಿಬಿರದವರು ನನ್ನ ತಲೆಯನ್ನೂ ಬೋಳಿಸಿದ್ದರು.

ಅಪ್ಪ ತಮ್ಮ ಶಿಬಿರದಲ್ಲಿ ಈ ಚಿತ್ರಗಳನ್ನು ಅಂಟಿಸಿದ್ದ ಹಲಗೆಯ ಮುಂದೆ ನಿಂತಿದ್ದರು. ಪಕ್ಕದಲ್ಲಿದ್ದ ಮುದುಕರೊಬ್ಬರು ನನ್ನ ಚಿತ್ರ ತೋರಿಸಿ, "ಇದು ನಿನ್ನ ಕೂಸಲ್ಲೇನೋ ಮೌನೇಶ?" ಎಂದು ಕೇಳಿದರಂತೆ.

ಅಪ್ಪ ಬಹಳ ಹೊತ್ತು ನೋಡಿದರು. "ಕಣ್ಣೇನೋ ನಮ್ಮ ಕಾಳಿವು ಇದ್ದಂಗ ಅದಾವ. ಆದ್ರ ಈ ಕೂಸಿನ ತುಟಿ ಛಲೋ ಐತ್ರಿ. ಯಾರದೋ ಪುಣ್ಯಾತ್ಮರ ಮಗಳು," ಎಂದು ಮುಂದೆ ಹೋದರು.

ಅಪ್ಪ ಹುಡುಕುತ್ತ ನಮ್ಮ ಶಿಬಿರಕ್ಕೆ ಬರುವಷ್ಟರಲ್ಲಿ ಅದನ್ನು ಮುಚ್ಚಿದ್ದರು. ನನ್ನನ್ನು ಇಳಕಲ್ಲಿನ ಮೇಷ್ಟ್ರು ದಂಪತಿ ಸಾಕಿದರು. ಪ್ರೀತಿಗೆ ಕಡಿಮೆ ಮಾಡಲಿಲ್ಲ. ಆ ಬಗ್ಗೆ ನನಗೆ ದೂರಿಲ್ಲ. ನಾನು ಕಾಲೇಜಿಗೆ ಹೋಗುವ ಹೊತ್ತಿಗೆ ಜುಬೇದಾ ಅಕ್ಕನಿಗೆ ಹುಬ್ಬಳ್ಳಿಯಲ್ಲಿ ಹಳೆಯ ಕಂಪ್ಯೂಟರ್ ಇಟ್ಟುಕೊಂಡವರೊಬ್ಬರು ಸಿಕ್ಕರು. ಶಿಬಿರದ ಮೊದಲ ದಿನದ ಚಿತ್ರಗಳು ಅಲ್ಲಿ ತೆರೆದುಕೊಂಡವು. ನನ್ನ ತುಟಿಯನ್ನು ಕಂಡಾಗ ಅಕ್ಕನಿಗೆ, ತುಟಿ ಹೊಲಿದ ಹುಡುಗಿಯನ್ನು ಕೇಳುತ್ತ ಶಿಬಿರದಿಂದ ಶಿಬಿರಕ್ಕೆ ತಿರುಗಿದ್ದ ಬಡಿಗೇರನ ನೆನಪಾಯಿತು. ಶಿಬಿರದ ಹಳೆಯ ಪಟ್ಟಿ ಹುಡುಕಿಸಿ ಅವರು ಅಪ್ಪನ ಮನೆಗೂ ಹೋದರು, ಇಳಕಲ್ಲಿನ ನಮ್ಮ ಮನೆಗೂ ಬಂದರು. ಎರಡೂ ಕಡೆ ಅತ್ತರು. "ಯವ್ವಾ, ನಾ ಒಂದ್ಸಲ ಹೊಳ್ಳಿ ನೋಡಬೇಕಾಗಿತ್ತು," ಎಂದು ನನ್ನ ಕೈ ಹಿಡಿದುಕೊಂಡರು. ಅವರನ್ನು ದೂಷಿಸಲು ನನ್ನಿಂದ ಆಗಲಿಲ್ಲ.

ಅಪ್ಪನನ್ನು ನೋಡಲು ಹೋದ ದಿನ ಅವರು ಒಗೆದ ಅಂಗಿ ತೊಟ್ಟು ಬಾಗಿಲಲ್ಲೇ ನಿಂತಿದ್ದರು. ನನ್ನ ತುಟಿಯನ್ನು ನೋಡಿದರು. ಮುಟ್ಟಲು ಎತ್ತಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡರು. "ಒಳಗ ಬರ್ರೀ. ಊಟಾ ಮಾಡೀರೇನ್ರೀ?" ಎಂದರು.

ಹೆತ್ತ ಮಗಳಿಗೆ ಹಾಗೆ ಕೇಳಿದರು. ಆಮೇಲೆ ನಾನು ಪ್ರತಿ ಹಬ್ಬಕ್ಕೂ ಹೋದೆ, ಅಪ್ಪಾ ಎಂದೇ ಕರೆದೆ, ಜಗಳವಾಡಿಯೂ ನೋಡಿದೆ. ಅವರು ಓಣಿಯ ಮಕ್ಕಳನ್ನು ಲೇ ಎಂದು ಗದರಿಸುವುದನ್ನು ಕೇಳಿ ಹೊಟ್ಟೆಕಿಚ್ಚು ಪಟ್ಟೆ. ಸಾಯುವ ಕೊನೆಯ ಗಳಿಗೆಯಲ್ಲೂ, "ನೀವು ತ್ರಾಸ ತಗೋಬ್ಯಾಡ್ರಿ," ಎಂದರು.

ಹಿರಿಯರೇ, ನೀವು ಯಾವ ಕ್ಯಾಮೆರಾ ಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಹೇಳುವಷ್ಟು ನನಗೆ ತಿಳಿಯದು. ನಿಮ್ಮ ಕಾಲದಲ್ಲಿಯೂ ಸಾಫ್ಟ್‌ವೇರ್ ಬದಲಾಗುತ್ತಲೇ ಇರುತ್ತದೆಂದು, ನೀವು ಬೈದುಕೊಂಡು ಕೊನೆಗೆ ಹೊಂದಿಕೊಳ್ಳುತ್ತೀರೆಂದು ಕೇಳಿದ್ದೇನೆ. ಹೊಂದಿಕೊಳ್ಳುವ ಮುನ್ನ ಇಷ್ಟು ನಡೆಸಿಕೊಡಿ. ನಿಮ್ಮ ಮುಂದೆ ಕೂತವರ ಒಂದು ಚಿತ್ರವನ್ನಾದರೂ ತಿದ್ದದೆ, ಕಾಗದದ ಮೇಲೆ ಅಚ್ಚು ಹಾಕಿಸಿ, ಅವರ ಮನೆಯವರ ಕೈಗೇ ಕೊಡಿ. ಕುಂದು ಕಾಣುತ್ತದೆಂದು ಅವರು ಬೇಸರಪಟ್ಟುಕೊಂಡರೂ ಕೊಡಿ.

ಹೋಗಿಬರುತ್ತೇನೆ,
ಕಾಳಿ